ಚೆನ್ನಾಗಿದ್ದೀನಿ ಅಂದರೆ ಎಷ್ಟು ಚೆನ್ನಾಗಿ?

ಓದುಗರ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ. ಈ ಸಲದ ಪತ್ರಗಳೆಲ್ಲ ಬೈಪೋಲಾರ್ ಕಾಯಿಲೆಯ ಬಗ್ಗೆ ಬಂದವು. ಮನಸ್ಸು ಒಮ್ಮೆ ವಿಪರೀತ ಮೇಲೇರುವ (ಮೇನಿಯಾ), ಇನ್ನೊಮ್ಮೆ ಕುಸಿಯುವ (ಖಿನ್ನತೆ) ಕಾಯಿಲೆ ಇದು. ಎಲ್ಲರೂ ಕೇಳಿಕೊಂಡಿರುವುದರಿಂದ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ. ಎರಡು ವರ್ಷದ ಹಿಂದೆ ಮೇನಿಯಾ ಆಗಿ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಅದರ ಬೆನ್ನಿಗೇ ನಾಲ್ಕೈದು ತಿಂಗಳು ಖಿನ್ನತೆ. ಈಗ ಎಂಟು ತಿಂಗಳಿಂದ ದೊಡ್ಡ ತೊಂದರೆ ಇಲ್ಲ. ಡಾಕ್ಟರು "ಹೇಗಿದ್ದೀರಿ?" ಅಂದರೆ ಇವರು "ಚೆನ್ನಾಗಿದ್ದೀನಿ" ಅನ್ನುತ್ತಾರೆ. ಐದು ನಿಮಿಷದಲ್ಲಿ ಎಲ್ಲ ಮುಗಿದು ಅದೇ ಚೀಟಿ ಮುಂದುವರಿಯುತ್ತದೆ. ಕಾಯಿಲೆ ನಿಜಕ್ಕೂ ಹತೋಟಿಯಲ್ಲಿದೆ ಎಂದು ನಮಗೆ ಗೊತ್ತಾಗುವುದು ಹೇಗೆ?

ಉತ್ತರ: "ಚೆನ್ನಾಗಿದ್ದೀನಿ" ಅನ್ನುವ ಮಾತು ಈ ಕಾಯಿಲೆಯಲ್ಲಿ ಅಷ್ಟೇನೂ ನೆಚ್ಚುವಂಥದ್ದಲ್ಲ. ಮೇನಿಯಾ ಏರತೊಡಗಿದಾಗಲೇ ಮನುಷ್ಯನಿಗೆ, ಜನ್ಮದಲ್ಲಿ ಇಷ್ಟು ಚೆನ್ನಾಗಿರಲಿಲ್ಲ ಅನ್ನಿಸುವುದು. ಖಿನ್ನತೆ ಮೆಲ್ಲಗೆ ಕವಿಯುವಾಗ ಅದೇ ತನ್ನ ಸ್ವಭಾವ ಎನಿಸಿ, ಹೇಳಿಕೊಳ್ಳುವ ಸಂಗತಿ ಎಂದೇ ತೋಚುವುದಿಲ್ಲ. ಆದ್ದರಿಂದ ಇವತ್ತು ಹೇಗನ್ನಿಸುತ್ತಿದೆ ಎಂದು ಕೇಳಿದರೆ ಸಿಗುವುದು ಕಡಿಮೆ. ಕಳೆದ ಮೂರು ತಿಂಗಳು ಹೇಗೆ ಕಳೆದವು ಎಂದು ನೋಡಬೇಕು.

ಗಮನಕ್ಕೆ ಬರುವಂಥ ಲಕ್ಷಣಗಳಿಲ್ಲದೆ ಎರಡು ತಿಂಗಳು ಕಳೆದರೆ ವೈದ್ಯರು ಅದನ್ನು ಪೂರ್ಣ ಶಮನ ಎನ್ನುತ್ತಾರೆ. ಆದರೆ ನೀವು ಬರೆದಿರುವುದು "ದೊಡ್ಡ ತೊಂದರೆ ಇಲ್ಲ" ಎಂದು. ಸಣ್ಣ ತೊಂದರೆ ಏನಿದೆ ಎಂಬುದೇ ಇಲ್ಲಿಯ ಪ್ರಶ್ನೆ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಬೈಪೋಲಾರ್ ಒಂದನೇ ಬಗೆಯ (ಪೂರ್ಣ ಮೇನಿಯಾ ಬರುವ ಬಗೆ) 146 ಮಂದಿಯ ಸ್ಥಿತಿಯನ್ನು ಸರಾಸರಿ 12 ವರ್ಷಕ್ಕೂ ಹೆಚ್ಚು ಕಾಲ ವಾರದ ಲೆಕ್ಕದಲ್ಲಿ ದಾಖಲಿಸಿತು. ಹೆಚ್ಚುಕಡಿಮೆ ಅರ್ಧದಷ್ಟು ವಾರಗಳಲ್ಲಿ ಅವರಿಗೆ ಒಂದಲ್ಲ ಒಂದು ಲಕ್ಷಣ ಇತ್ತು. ಖಿನ್ನತೆಯ ವಾರಗಳು ಮೇನಿಯಾದ ವಾರಗಳ ಮೂರು ಪಟ್ಟಿಗಿಂತ ಹೆಚ್ಚು. ಲಕ್ಷಣವಿದ್ದ ವಾರಗಳಲ್ಲಿ ಬಹುಪಾಲು ಇದ್ದದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ, ಸಣ್ಣ ಪ್ರಮಾಣದ ಲಕ್ಷಣ. ಹೀಗೆ ಉಳಿದುಕೊಂಡ ಲಕ್ಷಣಗಳೇ ಕಾಯಿಲೆ ಬೇಗ ಮರುಕಳಿಸಲು ದಾರಿ ಮಾಡುತ್ತವೆ. ಮೇನಿಯಾ ಬರಲಿಲ್ಲ, ಆಸ್ಪತ್ರೆ ಸೇರಲಿಲ್ಲ ಎಂಬುದಷ್ಟನ್ನೇ ಹತೋಟಿ ಅನ್ನಲಾಗದು.

ಮೊದಲು ನಿದ್ದೆ ನೋಡಿ. "ನಿದ್ದೆ ಬರುತ್ತಿಲ್ಲ" ಎನ್ನುವುದು ಬೇರೆ, "ನಿದ್ದೆ ಬೇಕಾಗಿಲ್ಲ" ಎನ್ನುವುದು ಬೇರೆ. ನಾಲ್ಕು ಗಂಟೆ ಮಲಗಿ ಮರುದಿನ ಕಣ್ಣು ಉರಿದು, ಮೈ ಭಾರವಾಗಿ ಸಿಡಿಮಿಡಿಗೊಂಡರೆ ಅದು ನಿದ್ರಾಹೀನತೆ. ಅದೇ ನಾಲ್ಕು ಗಂಟೆ ಮಲಗಿ ಬೆಳಗಿನ ಜಾವಕ್ಕೇ ಎದ್ದು ಕಪಾಟು ಜೋಡಿಸಲು ಕೂತರೆ, ಸುಸ್ತಿನ ಸುಳಿವೇ ಇಲ್ಲದಿದ್ದರೆ, ಮೇಲೇರುವ ಅಲೆ ಶುರುವಾಗಿದೆ ಎಂದೇ ತಿಳಿಯಿರಿ. ಅನೇಕರಲ್ಲಿ ಇದು ಪೂರ್ಣ ಮೇನಿಯಾಕ್ಕಿಂತ ಎರಡು-ಮೂರು ವಾರ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಖಿನ್ನತೆಗೆ ಇಷ್ಟು ಸ್ಪಷ್ಟವಾದ ಮುನ್ಸೂಚನೆ ಇರುವುದಿಲ್ಲ. ಹಾಸಿಗೆ ಬಿಡುವ ಹೊತ್ತು ದಿನದಿನಕ್ಕೆ ತಡವಾಗುವುದು, ಫೋನ್ ಎತ್ತದಿರುವುದು, ಸ್ನಾನ ಮುಂದೂಡುವುದು ಇಂಥವನ್ನು ಗಮನಿಸಬೇಕು.

ಇದನ್ನೆಲ್ಲ ತಲೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಲಿ. ಮಲಗಿದ್ದು-ಎದ್ದದ್ದು, ಮೂಡ್, ಮಾತ್ರೆ, ಎರಡು ಪದದ ಟಿಪ್ಪಣಿ. ಮೂಡ್‌ಗೆ –3ರಿಂದ +3ರವರೆಗೆ ಅಂಕಿ: ಮೇಲೇರಿದರೆ ಪ್ಲಸ್, ಕುಗ್ಗಿದರೆ ಮೈನಸ್. ಸೊನ್ನೆ ಎಂದರೆ ಅವರ ಮಾಮೂಲು ದಿನ. 1 ಎಂದರೆ ವ್ಯತ್ಯಾಸ ಗೊತ್ತಾಗುತ್ತದೆ, ಕೆಲಸ ಕೆಟ್ಟಿಲ್ಲ. 2 ಎಂದರೆ ಕೆಲಸ ಕಷ್ಟವಾಗುತ್ತಿದೆ, 3 ಎಂದರೆ ಕೆಲಸ ಸಾಧ್ಯವೇ ಇಲ್ಲ. ಹೀಗಿರುತ್ತದೆ ಒಂದು ವಾರ:

ಸೋಮ: 10:45–6:15, 0, ಮಾತ್ರೆ ಆಯಿತು.
ಮಂಗಳ: 11:00–6:15, 0, ಆಯಿತು.
ಬುಧ: 11:50–5:40, +1, ಆಯಿತು, ಒಳ್ಳೇ ಹುರುಪು.
ಗುರು: 12:40–5:10, +1, ಆಯಿತು, ಹೊಸ ಯೋಜನೆ.
ಶುಕ್ರ: 1:50–5:00, +1, ಮರೆತೆ, ಸುಸ್ತಿಲ್ಲ.

ಮೂಡ್ ಕಾಲಂ ಮಾತ್ರ ಓದಿದರೆ ಏನೂ ಆಗಿಲ್ಲ. ಮೂರು ದಿನವೂ ಅದೇ +1. ಪಕ್ಕದ ಕಾಲಂ ನೋಡಿ: ನಿದ್ದೆ ಏಳೂವರೆ ಗಂಟೆಯಿಂದ ಮೂರು ಗಂಟೆ ಹತ್ತು ನಿಮಿಷಕ್ಕೆ ಇಳಿದಿದೆ, ಮಲಗುವ ಹೊತ್ತು ಮೂರು ಗಂಟೆ ಜಾರಿದೆ, ಒಂದು ದಿನ ಮಾತ್ರೆಯೂ ತಪ್ಪಿದೆ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವ ವಾರ ಇದಲ್ಲ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾಗಿ, ಸುಸ್ತೂ ಆಗದಿದ್ದರೆ ಅಂದೇ ಫೋನ್ ಮಾಡುತ್ತೇವೆ ಎಂದು ವೈದ್ಯರೊಂದಿಗೆ ಈಗಲೇ ಮಾತಾಡಿಕೊಂಡಿರಿ. ಈ ಹಂತದಲ್ಲಿ ಕೆಲವು ರಾತ್ರಿಗಳ ನಿದ್ದೆ ಸರಿಪಡಿಸಿದರೆ ಎಷ್ಟೋ ಸಲ ಅಲೆ ಅಲ್ಲೇ ಇಳಿಯುತ್ತದೆ. ಎರಡು ವಾರ ತಡೆದರೆ ಮತ್ತೆ ಆಸ್ಪತ್ರೆಯ ಮಾತು.

ನೋಟ್‌ಬುಕ್ ಕೆಡುವುದು ಮೂರು ರೀತಿಯಲ್ಲಿ. ಭಾನುವಾರ ರಾತ್ರಿ ಕೂತು ಇಡೀ ವಾರವನ್ನು ಒಟ್ಟಿಗೆ ತುಂಬಿದರೆ ಎಲ್ಲ ದಿನವೂ ಭಾನುವಾರದ ಬಣ್ಣಕ್ಕೆ ತಿರುಗುತ್ತದೆ. ಗಂಟೆಗೊಂದು ಅಂಕಿ ಹಾಕಹೊರಟರೆ ಗಾಬರಿ ಹೆಚ್ಚುತ್ತದೆ. ಮಲಗುವ ಮುಂಚೆ ಒಂದು ನಿಮಿಷ ಸಾಕು. ಮೂರನೆಯದು, ಅವರಿಗೆ ಗೊತ್ತಿಲ್ಲದಂತೆ ನೀವೇ ಬರೆದಿಡುವುದು. ಸಿಕ್ಕಿಬಿದ್ದ ದಿನ ಅವರು ನೋಟ್‌ಬುಕ್ಕನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ.

ನಿದ್ದೆಯನ್ನು ನೋಡಿದ ಮೇಲೆ ಕೆಲಸ ನೋಡಿ. ಲಕ್ಷಣಗಳು ಇಳಿದ ಎಷ್ಟೋ ತಿಂಗಳ ಮೇಲೆ ಕೆಲಸದ ಕಸುವು ಮರಳುತ್ತದೆ, ಇದು ಸೋಮಾರಿತನವಲ್ಲ. ಶುರು ಮಾಡಿದ್ದನ್ನು ಮುಗಿಸುತ್ತಾರೆಯೇ? ಎರಡು ಪುಟ ಓದಿ ಏನು ಓದಿದೆ ಎಂದು ಹೇಳಬಲ್ಲರೇ? ಬಿಲ್ಲುಗಳು ಹೊತ್ತಿಗೆ ಸರಿಯಾಗಿ ಹೋಗುತ್ತಿವೆಯೇ? ಎಂಟು ತಿಂಗಳಾದರೂ ಇದಕ್ಕೆಲ್ಲ "ಇಲ್ಲ" ಎಂಬ ಉತ್ತರವೇ ಇದ್ದರೆ ಖಿನ್ನತೆಯ ತಳ ಇನ್ನೂ ಉಳಿದಿರಬಹುದು, ಇಲ್ಲವೇ ಮಾತ್ರೆಯ ಮಂಪರು ಇರಬಹುದು. ಎರಡಕ್ಕೂ ಮದ್ದಿದೆ. ಆದರೆ ಅದೇ ಚೀಟಿ ಮುಂದುವರಿಸುವುದರಿಂದ ಅಲ್ಲ.

ಏರಿಳಿತವೇ ಇರಬಾರದೆಂದು ಅರ್ಥವಲ್ಲ. ಎರಡು ಮೂರು ದಿನ +1 ಆಗಿ, ನಿದ್ದೆ ಕೆಡದೆ, ತಾನಾಗಿ ಸೊನ್ನೆಗೆ ಮರಳಿದರೆ ಅದು ಒಳ್ಳೆಯ ಹತೋಟಿಯ ಲಕ್ಷಣವೇ. ಒಂದೇ ವರ್ಷದಲ್ಲಿ ನಾಲ್ಕು ಅಥವಾ ಹೆಚ್ಚು ಪೂರ್ಣ ಪ್ರಮಾಣದ ಏರು ಇಲ್ಲವೇ ಇಳಿತದ ಕಂತುಗಳು ಬಂದರೆ ಮಾತ್ರ ಅದಕ್ಕೆ ಬೇರೆ ಹೆಸರೇ ಇದೆ, ವೇಗದ ಆವರ್ತನ. ಅಂಥವರಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಖಿನ್ನತೆಗೆಂದು ಕೊಟ್ಟ ಮಾತ್ರೆಯೇ ಚಕ್ರವನ್ನು ತಿರುಗಿಸುತ್ತಿದೆಯೇ ಎಂದೂ ನೋಡಬೇಕು.

ಕೊನೆಯದಾಗಿ ಚಿಕಿತ್ಸೆಯ ಭಾರ. ಕೈ ನಡುಕ, ಆರು ತಿಂಗಳಲ್ಲಿ ಏರಿದ ತೂಕ, ಬೆಳಿಗ್ಗೆ ಹತ್ತರವರೆಗಿನ ತೂಕಡಿಕೆ, ಲೈಂಗಿಕ ನಿರಾಸಕ್ತಿ ಇವನ್ನು ಐದು ನಿಮಿಷದ ಭೇಟಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಡೆಯಲಾಗದ ಮಾತ್ರೆಯನ್ನು ಜನ ಜಗಳವಾಡಿ ನಿಲ್ಲಿಸುವುದಿಲ್ಲ, ಸದ್ದಿಲ್ಲದೆ ನಿಲ್ಲಿಸುತ್ತಾರೆ. ಮುಂದಿನ ಸಲ ಹೋಗುವಾಗ ನೋಟ್‌ಬುಕ್ ಮತ್ತು ಇಂಥ ಅಡ್ಡಪರಿಣಾಮಗಳ ಚೀಟಿ ಎರಡನ್ನೂ ಮೇಜಿನ ಮೇಲಿಡಿ. ಐದು ನಿಮಿಷದ ಭೇಟಿ ತಾನಾಗಿ ಹದಿನೈದು ನಿಮಿಷಕ್ಕೆ ಬೆಳೆಯುತ್ತದೆ.

ಪ್ರಶ್ನೆ: ನನಗೆ 29. ಮಾತ್ರೆ ತಪ್ಪಿಸಿಲ್ಲ, ಒಂದು ವರ್ಷದಿಂದ ಮೇನಿಯಾ ಇಲ್ಲ. ಆದರೆ ಖುಷಿಯೂ ಇಲ್ಲ, ಅಳುವೂ ಇಲ್ಲ, ಎಲ್ಲ ಬೂದಿ ಬಣ್ಣ. ಇದೇನಾ ಹತೋಟಿ ಅಂದರೆ?

ಉತ್ತರ: ಅಲ್ಲ. ಇದನ್ನು ಹತೋಟಿ ಎಂದು ಒಪ್ಪಿಕೊಳ್ಳಬೇಡಿ, ಹಾಗೆಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಬೂದಿ ಬಣ್ಣ ಬರುವ ದಾರಿಗಳು ಕೆಲವಿವೆ.

ಒಂದು, ಇದು ಸಣ್ಣ ಪ್ರಮಾಣದ ಖಿನ್ನತೆಯೇ ಆಗಿರಬಹುದು. ಬೆಳಿಗ್ಗೆ ಹೆಚ್ಚು ಭಾರ, ಸಂಜೆ ತುಸು ಹಗುರ, ಹಿಂದೆ ಇಷ್ಟಪಟ್ಟಿದ್ದು ಈಗ ಬೇಡ, ತನ್ನ ಮೇಲೇ ಬೇಸರ ಎಂದಾದರೆ ಅದರ ಕಡೆಗೇ ಬೆರಳು. ಇಲ್ಲಿ ಒಂದು ಎಚ್ಚರಿಕೆ: ಮನೋವೈದ್ಯರಲ್ಲದ ಯಾರಾದರೂ ಖಿನ್ನತೆಯ ಮಾತ್ರೆಯೊಂದನ್ನು ಬರೆದುಕೊಟ್ಟರೆ ತೆಗೆದುಕೊಳ್ಳುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಮೂಡ್ ಹಿಡಿದಿಡುವ ಔಷಧದ ಬೆಂಬಲವಿಲ್ಲದೆ ಅದು ನೇರ ಮೇನಿಯಾಕ್ಕೆ ತಳ್ಳಬಲ್ಲದು. ಬೈಪೋಲಾರ್ ಖಿನ್ನತೆಗೆ ಕ್ವೆಟಿಯಾಪಿನ್, ಲ್ಯಾಮೊಟ್ರಿಜಿನ್‌ನಂಥ ಬೇರೆ ದಾರಿಗಳಿವೆ.

ಎರಡು, ಥೈರಾಯ್ಡ್. ಮೂಡ್ ಹಿಡಿದಿಡುವ ಔಷಧವಾದ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಥೈರಾಯ್ಡ್ ಕುಗ್ಗುವುದು ಅಪರೂಪವಲ್ಲ, ಹೆಂಗಸರಲ್ಲಿ ಇನ್ನೂ ಹೆಚ್ಚು. ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಮಂಕು ಜೊತೆಗಿದ್ದರೆ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಅದು ಸರಿಹೋಗದೆ ಬೇರೆ ಯಾವ ಮಾತ್ರೆ ಬದಲಿಸಿದರೂ ಫಲ ಕಾಣುವುದಿಲ್ಲ.

ಮೂರು, ಡೋಸ್. ಮೇನಿಯಾದ ದಿನಗಳಲ್ಲಿ ಏರಿಸಿದ, ಮೇನಿಯಾ ತಗ್ಗಿಸುವ ಆ್ಯಂಟಿಸೈಕೋಟಿಕ್ ಮಾತ್ರೆ ಶಮನವಾದ ಮೇಲೂ ಅದೇ ಪ್ರಮಾಣದಲ್ಲಿ ಉಳಿದುಬಿಡುವುದುಂಟು. ಚೀಟಿಯ ಮೇಲಿನ ತಾರೀಖು ನೋಡಿ. ಅದೇ ಡೋಸ್ ಎಂದಿನಿಂದ ನಡೆಯುತ್ತಿದೆ, ಇಳಿಸಲು ಸಾಧ್ಯವೇ ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ.

ಇನ್ನೊಂದು ಸಾಧ್ಯತೆಯನ್ನೂ ಹೇಳಲೇಬೇಕು. ಮೇನಿಯಾದ ಎತ್ತರವನ್ನು ಕಂಡವರಿಗೆ ಮಾಮೂಲು ದಿನ ಸಪ್ಪೆ ಎನಿಸುತ್ತದೆ. ಪರೀಕ್ಷೆ ಸುಲಭ: ಏನಾದರೂ ಒಳ್ಳೆಯದಾದಾಗ, ಅರ್ಧ ಗಂಟೆಯ ಮಟ್ಟಿಗಾದರೂ ಮನಸ್ಸು ಅರಳುತ್ತದೆಯೇ? ಅರಳಿದರೆ ಇದು ಬಹುಶಃ ಹೋಲಿಕೆಯ ಸಪ್ಪೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಮನಸ್ಸು ಮಿಸುಕದಿದ್ದರೆ ಮೇಲಿನ ಮೂರರಲ್ಲಿ ಒಂದು.

ಪ್ರಶ್ನೆ: ಅಮ್ಮನಿಗೆ 64. ಲಿಥಿಯಂ ಬೆಳಿಗ್ಗೆ 300, ರಾತ್ರಿ 600 ಮಿಲಿಗ್ರಾಂ. ಹೋದ ಸಲ ರಕ್ತದ ಮಟ್ಟ 0.7 ಇತ್ತು, ಈ ಸಲ 1.2 ಬಂದಿದೆ. ಡೋಸ್ ಬದಲಾಗಿಲ್ಲ. ಬೆಳಗಿನ ಮಾತ್ರೆ ನುಂಗಿಯೇ ಹತ್ತು ಗಂಟೆಗೆ ರಕ್ತ ಕೊಟ್ಟರು. ಒಂದು ತಿಂಗಳಿಂದ ಮಂಡಿನೋವಿಗೆ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತಿದ್ದಾರೆ. ಗಾಬರಿಪಡಬೇಕೇ?

ಉತ್ತರ: ಗಾಬರಿ ಬೇಡ, ಆದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ. ನಿಮ್ಮ ಪತ್ರದಲ್ಲೇ ಎರಡು ಕಾರಣಗಳಿವೆ. ಒಂದು ಸುಳ್ಳು ಏರಿಕೆ, ಇನ್ನೊಂದು ನಿಜವಾದದ್ದು. ಎರಡೂ ಬೆರೆತಿರಬಹುದು.

ಸುಳ್ಳು ಏರಿಕೆ ಬೆಳಗಿನ ಮಾತ್ರೆಯದು. ಲಿಥಿಯಂ ಮಟ್ಟವನ್ನು ಕೊನೆಯ ಡೋಸ್ ಆಗಿ 12 ಗಂಟೆಗೆ ನೋಡಬೇಕು. ವೈದ್ಯರು ಹೇಳುವ ಅಂಕಿಗಳೆಲ್ಲ ಆ 12 ಗಂಟೆಯ ಲೆಕ್ಕದವು. ಮಾತ್ರೆ ನುಂಗಿದ ಒಂದೆರಡು ಗಂಟೆಗೆ ಮಟ್ಟ ತುದಿಗೇರಿರುತ್ತದೆ. ಮರುಪರೀಕ್ಷೆಗೆ ಹೀಗೆ ಮಾಡಿ: ರಾತ್ರಿಯ ಡೋಸ್ ಸರಿಯಾಗಿ ಒಂಬತ್ತಕ್ಕೆ, ರಕ್ತ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಲ್ಯಾಬಿನವರಿಗೆ "ಲಿಥಿಯಂ ಮಟ್ಟ ನೋಡುವುದಕ್ಕೆ" ಎಂದು ಬಾಯಲ್ಲೂ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಸವರಿದ ಒಂದು ಬಗೆಯ ನಳಿಕೆ ಇರುತ್ತದೆ. ಅದರಲ್ಲಿ ತೆಗೆದರೆ ನಳಿಕೆಯ ಲಿಥಿಯಂ ಕೂಡ ಲೆಕ್ಕಕ್ಕೆ ಬಂದು ಅಂಕಿ ಹಾರುತ್ತದೆ. ವರದಿಯಲ್ಲಿ ಮಿಲಿಮೋಲ್ ಎಂದಿರಲಿ, ಮಿಲಿ ಈಕ್ವಿವಲೆಂಟ್ ಎಂದಿರಲಿ, ಲಿಥಿಯಂ ಮಟ್ಟಿಗೆ ಎರಡೂ ಒಂದೇ.

ನಿಜವಾದ ಏರಿಕೆ ಡೈಕ್ಲೋಫೆನಾಕ್‌ನದು. ಅದೂ ಐಬುಪ್ರೊಫೇನೂ ಕಿಡ್ನಿಯಿಂದ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಜಾತಿಯ ನೀರಿನ ಮಾತ್ರೆ, "ಪ್ರಿಲ್" ಮತ್ತು "ಸಾರ್ಟಾನ್" ಎಂದು ಕೊನೆಯಾಗುವ ಹೆಸರಿನ ಮಾತ್ರೆಗಳೂ ಮಟ್ಟ ಏರಿಸುತ್ತವೆ. ನೋವಿಗೆ ಪ್ಯಾರಸಿಟಮಾಲ್‌ನಿಂದ ಈ ತೊಂದರೆ ಇಲ್ಲ. ಇದ್ದಕ್ಕಿದ್ದಂತೆ ಉಪ್ಪು ಬಿಡುವುದೂ ಅಪಾಯ: ಸೋಡಿಯಂ ಕಡಿಮೆಯಾದಾಗ ಕಿಡ್ನಿ ಅದನ್ನು ಹಿಡಿದಿಟ್ಟುಕೊಳ್ಳುವ ಭರದಲ್ಲಿ ಲಿಥಿಯಮ್ಮನ್ನೂ ಹಿಡಿದುಕೊಳ್ಳುತ್ತದೆ. ವಾಂತಿ, ಭೇದಿ, ವಿಪರೀತ ಬೆವರು, ನೀರು ಕುಡಿಯಲಾಗದ ಜ್ವರ ಇವೂ ಅಷ್ಟೇ. ಅಂಥ ದಿನ ಮುಂದಿನ ಡೋಸ್ ನುಂಗುವ ಮುಂಚೆ ವೈದ್ಯರನ್ನು ಕೇಳಿ.

ಕಾಯಿಲೆ ಮರುಕಳಿಸದಂತೆ ನೋಡಿಕೊಳ್ಳಲು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಸಾಕು, ಕೆಲವರಿಗೆ 1.0ರವರೆಗೆ ಬೇಕಾಗುತ್ತದೆ. 1.5 ದಾಟಿದರೆ ವಿಷ. ವಯಸ್ಸಾದವರಲ್ಲಿ ಅದಕ್ಕಿಂತ ಕೆಳಗೂ ವಿಷದ ಲಕ್ಷಣ ಬರಬಹುದು, ಆದ್ದರಿಂದ ಅಂಕಿಗಿಂತ ಅಮ್ಮನನ್ನು ನೋಡಿ. ಲೋಟ ಎತ್ತಿದರೆ ತುಳುಕುವಷ್ಟು ಒರಟು ನಡುಕ, ತೊದಲು ಮಾತು, ನಡಿಗೆಯಲ್ಲಿ ಓಲಾಟ, ವಾಂತಿ-ಭೇದಿ, ಗೊಂದಲ ಇದ್ದರೆ ಫೋನಿಗೂ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಬೆರಳ ತುದಿಯ ನವಿರು ನಡುಕ ಮಾತ್ರ ಇದ್ದರೆ ಅದು ಲಿಥಿಯಂನ ಮಾಮೂಲು ಅಡ್ಡಪರಿಣಾಮ.

ಅಮ್ಮನ ವಯಸ್ಸಿಗೆ ಮಟ್ಟವನ್ನು ಮೂರು ತಿಂಗಳಿಗೊಮ್ಮೆ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಟಿಎಸ್‌ಎಚ್, ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ ನೋಡಿಸಿ. ಡೋಸ್ ಬದಲಾದರೆ ಒಂದು ವಾರಕ್ಕೆ ಮತ್ತೆ ಮಟ್ಟ ನೋಡಬೇಕು.

ಪ್ರಶ್ನೆ: ನಾನು ಜೋರಾಗಿ ನಕ್ಕರೂ, ತಮ್ಮನ ಮೇಲೆ ರೇಗಿದರೂ ಮನೆಯಲ್ಲಿ "ಮಾತ್ರೆ ತಗೊಂಡ್ಯಾ?" ಅಂತಾರೆ. ನನಗೆ ಸಿಟ್ಟು ಬರುವ ಹಕ್ಕೇ ಇಲ್ಲವೇ?

ಉತ್ತರ: ಖಂಡಿತ ಇದೆ. ಸಾಮಾನ್ಯ ಸಿಟ್ಟಿಗೆ ಒಂದು ಕಾರಣ ಇರುತ್ತದೆ, ಒಂದು ಅಳತೆ ಇರುತ್ತದೆ, ಒಂದು ಕೊನೆ ಇರುತ್ತದೆ. ತಮ್ಮ ಕ್ಷಮೆ ಕೇಳಿದಾಗ ಇಳಿಯುವುದು ಸಿಟ್ಟು. ಬೆಳಿಗ್ಗೆ ತಮ್ಮನ ಮೇಲೆ, ಮಧ್ಯಾಹ್ನ ಮೇಲಧಿಕಾರಿಯ ಮೇಲೆ, ರಾತ್ರಿ ಅಪರಿಚಿತರ ಮೇಲೆ, ಹೀಗೆ ನಾಲ್ಕು ದಿನ ಮುಂದುವರಿದು, ಜೊತೆಗೆ ನಿದ್ದೆಯೂ ಮಾತಿನ ವೇಗವೂ ಬದಲಾದರೆ ಅದು ಕಾಯಿಲೆ. ಒಂದೇ ಲಕ್ಷಣ ನೋಡಿ ತೀರ್ಮಾನಿಸಬಾರದು. ಕಾಯಿಲೆಯ ಲಕ್ಷಣಗಳು ಗುಂಪಾಗಿ ಬರುತ್ತವೆ, ದಿನಗಟ್ಟಲೆ ನಿಲ್ಲುತ್ತವೆ.

ಮನೆಯವರನ್ನು ಕೂರಿಸಿಕೊಂಡು, ನೀವು ಚೆನ್ನಾಗಿರುವ ದಿನವೇ, ಒಂದು ಹಾಳೆ ಬರೆಯಿರಿ. ಹಿಂದಿನ ಸಲ ಮೊದಲು ಏನೇನು ಬದಲಾಯಿತು ಎಂಬುದರಲ್ಲಿ ನಾಲ್ಕೈದು ಸಾಕು. ಪುಸ್ತಕದ ಪಟ್ಟಿ ಬೇಡ, ನಿಮ್ಮದೇ ಆಗಿರಲಿ: ರಾತ್ರಿ ಒಂದಕ್ಕೆ ಗೆಳತಿಯರಿಗೆ ಉದ್ದುದ್ದ ಮೆಸೇಜ್, ಒಂದೇ ದಿನ ಮೂರು ಆನ್‌ಲೈನ್ ಆರ್ಡರ್, ಊಟದ ನಡುವೆ ಎದ್ದು ಓಡಾಟ. ಇವುಗಳಲ್ಲಿ ಎರಡು ಒಟ್ಟಿಗೆ ಎರಡು ದಿನ ಕಂಡರೆ ಹೇಳುವ ಹಕ್ಕು ಒಬ್ಬರಿಗೆ ಮಾತ್ರ, ಅವರನ್ನು ನೀವೇ ಆರಿಸಿ. ಹೇಳುವ ಮಾತೂ ಗೊತ್ತಾಗಿರಲಿ. "ಮಾತ್ರೆ ತಗೊಂಡ್ಯಾ?" ಎಂಬುದು ಆಪಾದನೆಯಂತೆ ಕೇಳಿಸುತ್ತದೆ, "ನಿನ್ನೆ, ಮೊನ್ನೆ ಎರಡು ಗಂಟೆವರೆಗೂ ದೀಪ ಉರೀತಿತ್ತು" ಎಂಬುದು ಕಂಡದ್ದನ್ನು ಹೇಳುತ್ತದೆ. ಹಾಳೆಯಲ್ಲಿಲ್ಲದ್ದಕ್ಕೆ ಯಾರೂ ತುಟಿ ಬಿಚ್ಚಬಾರದು.

ಒಂದಕ್ಕೆ ಮಾತ್ರ ಹಾಳೆ ಬೇಕಿಲ್ಲ. ಮನಸ್ಸು ಕುಸಿದಿದ್ದರೂ ಮೈಯಲ್ಲಿ ತಡೆಯಲಾಗದ ಚಡಪಡಿಕೆ, ತಲೆಯೊಳಗೆ ಯೋಚನೆಗಳ ಓಟ ಇರುವ ಮಿಶ್ರ ಸ್ಥಿತಿ ಎಂಬುದಿದೆ. ಸಾಯುವ ಯೋಚನೆಗೆ ಅದನ್ನು ಮಾಡುವ ಶಕ್ತಿಯೂ ಕೂಡಿಕೊಳ್ಳುವುದರಿಂದ ಇದೇ ಹೆಚ್ಚು ಅಪಾಯದ್ದು. ಸಾಯಬೇಕೆನ್ನಿಸುತ್ತಿದೆ ಎಂದು ಬಾಯಿಬಿಟ್ಟ ಹೊತ್ತಿನಲ್ಲಿ ಒಬ್ಬರೇ ಇರಬಾರದು, ಮನೆಯಲ್ಲಿರುವ ಮಾತ್ರೆಗಳೆಲ್ಲ ಇನ್ನೊಬ್ಬರ ಕೈಗೆ ಹೋಗಬೇಕು, ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಪ್ರಶ್ನೆ: ವಯಸ್ಸು 27, ಮದುವೆಯಾಗಿದೆ. ಮೂಡ್ ಹಿಡಿದಿಡುವ ವಾಲ್ಪ್ರೊಯೇಟ್ ಮಾತ್ರೆಯ ಮೇಲೆ ಮೂರು ವರ್ಷ ಪೂರ್ತಿ ಚೆನ್ನಾಗಿದ್ದೇನೆ. ಮಗು ಬೇಕು ಅನ್ನಿಸಿದೆ. ಮಾತ್ರೆ ನಿಲ್ಲಿಸಬಹುದೇ?

ಉತ್ತರ: ವಾಲ್ಪ್ರೊಯೇಟ್ ನಿಲ್ಲಬೇಕು, ಆದರೆ ಚಿಕಿತ್ಸೆ ನಿಲ್ಲಬಾರದು. ಇದು ಗರ್ಭದಲ್ಲಿದ್ದಾಗ ತಲುಪಿದರೆ ನೂರರಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ಅಂಗದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ, ಕಲಿಕೆಯ ತೊಂದರೆ. ಗರ್ಭ ನಿಂತಿದೆ ಎಂದು ಗೊತ್ತಾಗುವ ಹೊತ್ತಿಗೆ ಬೆನ್ನುಹುರಿ ರೂಪುಗೊಳ್ಳುವ ಕಾಲ ಕಳೆದಿರುತ್ತದೆ. ಹಾಗಾಗಿ ಬದಲಾವಣೆ ತಿಂಗಳುಗಳ ಮುಂಚೆಯೇ ಆಗಬೇಕು. ಬೇರೆ ಔಷಧಕ್ಕೆ ದಾಟಿ, ಅದರ ಮೇಲೂ ನೋಟ್‌ಬುಕ್ ಸಮವಾಗಿದೆ ಎಂದು ಕಂಡ ಮೇಲೆ ಗರ್ಭಧಾರಣೆ. ಅಲ್ಲಿಯವರೆಗೆ ಗರ್ಭನಿರೋಧಕ ಬಿಡಬೇಡಿ.

ನೀವೇ ದಿಢೀರನೆ ನಿಲ್ಲಿಸಬೇಡಿ. ಮೂರು ವರ್ಷ ಚೆನ್ನಾಗಿರುವುದು ಮಾತ್ರೆಯೊಂದಿಗೆ. ಮಾತ್ರೆಯಿಲ್ಲದೆ ಹೇಗಿರುತ್ತೀರಿ ಎಂಬುದನ್ನು ಅದು ಹೇಳುವುದಿಲ್ಲ. ಲಿಥಿಯಂ ಥಟ್ಟನೆ ಬಿಟ್ಟವರಲ್ಲಿ ಮೊದಲ ಕೆಲವು ತಿಂಗಳಲ್ಲೇ ಮೇನಿಯಾ ಮರಳುವ ಸಂಭವ ಹೆಚ್ಚು ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ಲಿಥಿಯಮ್ಮನ್ನು ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳಲ್ಲಿ ಇಳಿಸುತ್ತಾರೆ. ಹೆರಿಗೆಯಾದ ಮೊದಲ ವಾರಗಳು ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ನಾಜೂಕು. ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ನಿಮಗೆ ಆರು ಗಂಟೆ ನಿದ್ದೆ ಹೇಗೆ ಸಿಗುತ್ತದೆ ಎಂಬುದನ್ನು ಏಳನೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಸಲ ಎರಡು ನುಂಗಬೇಕೇ?

ಉತ್ತರ: ಬೇಡ. ಎರಡು ಮೂರು ಗಂಟೆಯೊಳಗೆ ನೆನಪಾದರೆ ನುಂಗಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಲಿಥಿಯಂ ಎರಡು ಪಟ್ಟು ನುಂಗುವುದಂತೂ ಕೂಡದು. ಲ್ಯಾಮೊಟ್ರಿಜಿನ್‌ನ ದಾರಿ ಬೇರೆ: ಐದು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸಿಗೆ ನೇರವಾಗಿ ಮರಳಬೇಡಿ. ಮೈಮೇಲೆ ಗುಳ್ಳೆಯೆದ್ದು ಚರ್ಮ ಸುಲಿಯುವ ಅಪಾಯಕಾರಿ ಅಲರ್ಜಿ ಆಗಬಹುದು. ವೈದ್ಯರು ಮತ್ತೆ 25 ಮಿಲಿಗ್ರಾಂನಿಂದ, ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಅದರ ಅರ್ಧದಿಂದ ಶುರುಮಾಡಿ, ಎರಡೆರಡು ವಾರಕ್ಕೆ ಏರಿಸುತ್ತಾರೆ. ವಾರಕ್ಕೆ ಎರಡು ಸಲ ಮರೆಯುತ್ತಿದ್ದರೆ ಏಳು ಖಾನೆಯ ಮಾತ್ರೆ ಡಬ್ಬಿ ತಂದು, ಹಲ್ಲುಜ್ಜುವ ಬ್ರಶ್ಶಿನ ಪಕ್ಕದಲ್ಲಿಡಿ.